ಮನ್ಯಾಗ ಓಡಿತ್ತರೀ, ಇಲ್ಲಿ ಯಾಕ ಓಡವಲ್ದು?

ಪ್ರಶ್ನೆ: ನಾನು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಒಂದು ಪವರ್‌ಪಾಯಿಂಟ್ ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು ಧಾರವಾಡದ ಶಿಕ್ಷಕರ ಕಾರ್ಯಾಗಾರಕ್ಕೆ ಒಯ್ದಿದ್ದೆ. ಅದರಲ್ಲಿ ನಾಲ್ಕು ವಿಡಿಯೊ ಕ್ಲಿಪ್ ಇದ್ದವು. ನನ್ನ ಮೊಬೈಲಿನಲ್ಲೇ ತೆಗೆದ ಮೊದಲನೆಯದರಲ್ಲಿ ಹಕ್ಕಿಗಳ ಸದ್ದು ಬಂತು, ಚಿತ್ರದ ಜಾಗ ಕಪ್ಪಗೇ ಉಳಿಯಿತು. ಹಿರಿಯ ಸಹೋದ್ಯೋಗಿಯೊಬ್ಬರ ಹಳೆಯ ಪಿಪಿಟಿಯಿಂದ ಸ್ಲೈಡ್ ಸಮೇತ ತೆಗೆದುಕೊಂಡ ಎರಡನೆಯದು 'ಮೀಡಿಯಾ ನಾಟ್ ಫೌಂಡ್' ಎಂದಿತು. ಮೂರನೆಯದಕ್ಕೆ ರಿಮೋಟ್ ಒತ್ತಿದರೆ ಅದು ಓಡದೆ ಮುಂದಿನ ಸ್ಲೈಡೇ ಬಂದುಬಿಟ್ಟಿತು. ನಾಲ್ಕನೆಯದರಲ್ಲಿ ಚಿತ್ರ ಬಂತು, ಧ್ವನಿ ಇಲ್ಲ. ಶಾಲೆಯ ಸ್ಟಾಫ್‌ರೂಮ್ ಕಂಪ್ಯೂಟರಿನಲ್ಲಿ ನಾಲ್ಕೂ ಚೆನ್ನಾಗಿ ಓಡಿದ್ದವು. ನನ್ನ ಕ್ಲಿಪ್ಪುಗಳು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಂತೂ ಎಲ್ಲಿ ಹಾಕಿದರೂ ಓಡುತ್ತವೆ. ಪೆನ್‌ಡ್ರೈವಿನಲ್ಲಿ ವೈರಸ್ ಇದೆ ಎಂದರು ಅಲ್ಲಿದ್ದವರು. ಕೋಡೆಕ್ ಪ್ಯಾಕ್ ಹಾಕಿಸಿದರೆ ಸರಿಹೋದೀತೇ? ಮುಂದಿನ ತಿಂಗಳು ಸ್ಟಾಫ್‌ರೂಮಿಗೆ ಹೊಸ ಕಂಪ್ಯೂಟರ್ ಬರುತ್ತಿದೆ, ಹಳೆಯದನ್ನು ಕೊಟ್ಟುಬಿಡುತ್ತಾರೆ. ಹೊಸದರಲ್ಲಾದರೂ ಈ ಕಾಟ ತಪ್ಪುತ್ತದೆಯೇ?

ಉತ್ತರ: ವೈರಸ್ಸಿನ ಮಾತು ಬಿಡಿ ಮೇಡಂ. ಸಭಾಂಗಣದಲ್ಲಿ ಏನು ಕೆಟ್ಟರೂ ಬಂದವರ ಪೆನ್‌ಡ್ರೈವಿನ ತಲೆಗೆ ಕಟ್ಟುವುದು ನಮ್ಮ ಕಡೆಯ ರೂಢಿ. ನಿಮ್ಮ ನಾಲ್ಕು ಕ್ಲಿಪ್ಪುಗಳು ನಾಲ್ಕು ಬೇರೆ ಬೇರೆ ಕಾರಣಕ್ಕೆ ನಿಂತಿವೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ನೀವು 'ವಿಡಿಯೊ ಓಡಲಿಲ್ಲ' ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ ಯಾವುದು ಹೇಗೆ ಓಡಲಿಲ್ಲ ಎಂದು ಬರೆದಿದ್ದೀರಿ. ನನ್ನ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಹುಬ್ಬಳ್ಳಿ-ಧಾರವಾಡದ ಸಭಾಂಗಣಗಳಲ್ಲಿ ಪ್ರೊಜೆಕ್ಟರಿನ ಹಿಂದೆ ಕೂತು ನನ್ನ ಕೂದಲು ನೆರೆತಿದೆ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಒಂದೇ: "ಸರ, ನಿನ್ನಿ ಮನ್ಯಾಗ ಓಡಿತ್ತರೀ, ಇಲ್ಲಿ ಯಾಕ ಓಡವಲ್ದು?" ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಮನೆಯಲ್ಲಿ ಓಡಿದ್ದು ಖರೆ. ಆದರೆ ಮನೆಯಲ್ಲಿ ಓಡಿಸಿದ್ದು ಪವರ್‌ಪಾಯಿಂಟ್ ಒಂದೇ ಅಲ್ಲ. ಆ ಕಂಪ್ಯೂಟರಿನ ವಿಂಡೋಸ್, ಅದರೊಳಗೆ ಯಾರೋ ಯಾವಾಗಲೋ ಹಾಕಿಟ್ಟ ಕೋಡೆಕ್ಕು (ಹಿಂಡಿ ಕಟ್ಟಿದ ವಿಡಿಯೊವನ್ನು ಬಿಚ್ಚುವ ತಂತ್ರಾಂಶದ ತುಣುಕು), ಅದರ ಡಿ ಡ್ರೈವು, ಅದರ ಸ್ಪೀಕರು, ಕೊನೆಗೆ ನಿಮ್ಮ ಕೈಲಿದ್ದ ಮೌಸು, ಎಲ್ಲ ಸೇರಿ ಓಡಿಸಿದವು. ಪೆನ್‌ಡ್ರೈವಿನಲ್ಲಿ ನೀವು ಧಾರವಾಡಕ್ಕೆ ಒಯ್ದದ್ದು ಇವುಗಳಲ್ಲಿ ಯಾವುದನ್ನೂ ಅಲ್ಲ.

ಮೊದಲು ವಿಎಲ್‌ಸಿ ವಿಚಾರ. 'ವಿಎಲ್‌ಸಿಯಲ್ಲಿ ಓಡುತ್ತದೆ, ಅಂದರೆ ಫೈಲು ಸರಿಯಿದೆ, ಅಂದರೆ ಪವರ್‌ಪಾಯಿಂಟಿನಲ್ಲೂ ಓಡಬೇಕು' ಎಂಬ ತರ್ಕದ ಕೊನೆಯ ಮೆಟ್ಟಿಲು ಮುರಿದಿದೆ. ವಿಎಲ್‌ಸಿ ತನಗೆ ಬೇಕಾದ ಕೋಡೆಕ್ಕುಗಳನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ತಿರುಗುತ್ತದೆ, ವಿಂಡೋಸ್ ಹತ್ತಿರ ಏನನ್ನೂ ಕೇಳುವುದಿಲ್ಲ. ಬುತ್ತಿ ಕಟ್ಟಿಕೊಂಡು ಪ್ರವಾಸ ಹೊರಟವರ ಹಾಗೆ. ಪವರ್‌ಪಾಯಿಂಟ್ ಹಾಗಲ್ಲ. ಅದಕ್ಕೆ ಸ್ವಂತ ಬುತ್ತಿಯಿಲ್ಲ. ವಿಡಿಯೊ ಬಿಚ್ಚುವ ಕೆಲಸವನ್ನು ವಿಂಡೋಸಿಗೆ ವಹಿಸುತ್ತದೆ, ವಿಂಡೋಸ್ ಬಡಿಸಿದ್ದನ್ನು ಉಣ್ಣುತ್ತದೆ. ಹಾಗಾಗಿ ಸಾಕ್ಷಿ ಕೇಳುವುದಿದ್ದರೆ ವಿಂಡೋಸಿನದೇ ಮೀಡಿಯಾ ಪ್ಲೇಯರನ್ನು ಕೇಳಿ. ಅದರಲ್ಲಿ ಓಡದ ಕ್ಲಿಪ್ಪು ಅದೇ ಕಂಪ್ಯೂಟರಿನ ಪವರ್‌ಪಾಯಿಂಟಿನಲ್ಲಿ ಓಡೀತೆಂದು ಕಾಯಬೇಡಿ.

ಈಗ ಕಪ್ಪು ಪರದೆಯ ಮೊದಲ ಕ್ಲಿಪ್. ಫೈಲಿನ ಹೆಸರಿನ ಕೊನೆಗೆ ಎಂಪಿ4 ಎಂದಿದೆಯಲ್ಲ, ಅದು ಚೀಲದ ಹೆಸರು, ಸರಕಿನದಲ್ಲ. ಬ್ಯಾಡಗಿ ಮಾರುಕಟ್ಟೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಚೀಲದ ಮೇಲೆ ಬ್ಯಾಡಗಿ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಒಳಗಿರುವುದು ಬ್ಯಾಡಗಿ ಮೆಣಸಿನಕಾಯಿಯೇ ಆಗಬೇಕೆಂದಿಲ್ಲ. ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬಂದಾಗಲೇ ಗುಂಟೂರಿನದೆಂದು ಗೊತ್ತಾಗುವುದು. ಎಂಪಿ4 ಚೀಲದಲ್ಲೂ ಬೇರೆ ಬೇರೆ ಸರಕು ತುಂಬಬಹುದು. ಒಂದು ಎಚ್.264, 2003ರಲ್ಲಿ ಬಂದ ಮಾನಕ. ಇವತ್ತು ಅದನ್ನು ಬಿಚ್ಚಲಾರದ ಯಂತ್ರ ಸಿಗುವುದು ಕಷ್ಟ. ಇನ್ನೊಂದು ಎಚ್.265, ಅದಕ್ಕೇ ಎಚ್‌ಇವಿಸಿ ಎಂಬ ಹೆಸರೂ ಇದೆ, 2013ರದು. ಅದೇ ಗುಣಮಟ್ಟದ ಚಿತ್ರವನ್ನು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಹಿಡಿಸುತ್ತದೆ, ಅದಕ್ಕೇ ಮೊಬೈಲ್ ಕಂಪನಿಗಳಿಗೆ ಅದರ ಮೇಲೆ ಪ್ರೀತಿ. ಐಫೋನುಗಳು 2017ರ ಐಒಎಸ್ 11ರಿಂದ ಈಚೆಗೆ ಇದನ್ನೇ ಹಿಡಿದಿವೆ; ಆಂಡ್ರಾಯ್ಡ್ ಫೋನುಗಳಲ್ಲೂ ಬಹಳಷ್ಟರಲ್ಲಿ ಇದೆ. ಫೋನು ನಿಮ್ಮನ್ನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಎಚ್‌ಇವಿಸಿ ಬಿಚ್ಚಲು ವಿಂಡೋಸಿಗೆ ಬೇರೆಯದೇ ಒಂದು ತುಣುಕು ಬೇಕು. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಅದಕ್ಕೆ ಸಣ್ಣ ದುಡ್ಡಿದೆ. ಕೆಲವು ಕಂಪನಿಗಳು ಕಂಪ್ಯೂಟರ್ ಮಾರುವಾಗಲೇ ಅದನ್ನು ಹಾಕಿ ಕೊಡುತ್ತವೆ. ನಿಮ್ಮ ಸ್ಟಾಫ್‌ರೂಮಿನ ಯಂತ್ರದಲ್ಲಿ ಅದಿದೆ, ಧಾರವಾಡದ ಆ ಯಂತ್ರದಲ್ಲಿ ಇಲ್ಲ. ಚಿತ್ರ ಎಚ್‌ಇವಿಸಿಯಲ್ಲಿತ್ತು, ಧ್ವನಿ ಎಎಸಿ ಎಂಬ ಬೇರೆ ಕಟ್ಟಿನಲ್ಲಿತ್ತು. ಎಎಸಿ ಎಲ್ಲರಿಗೂ ಬಿಚ್ಚಲು ಬರುತ್ತದೆ. ಅದಕ್ಕೇ ಹೆಬ್ಬಾತುಗಳು ಕೂಗಿದವು, ಕಾಣಲಿಲ್ಲ.

ಊಹೆಯ ಮೇಲೆ ನಡೆಯಬೇಡಿ, ನೋಡಿಕೊಳ್ಳಿ. ಸಾಕ್ಷಿ ಕಟ್ಟೆಯಿಂದ ಕೆಳಗಿಳಿಸಿದ ವಿಎಲ್‌ಸಿಯೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ಲಿಪ್ಪನ್ನು ಅದರಲ್ಲಿ ಓಡಿಸಿ, ಕಂಟ್ರೋಲ್ ಕೀಲಿ ಹಿಡಿದು ಜೆ ಒತ್ತಿ. ಫೈಲಿನ ಜಾತಕ ಬಿಚ್ಚಿಕೊಳ್ಳುತ್ತದೆ. 'ಕೋಡೆಕ್' ಎಂಬ ಸಾಲಿನ ಮುಂದೆ ಎಚ್264 ಅಥವಾ ಎವಿಸಿ ಎಂದಿದ್ದರೆ ಭಯವಿಲ್ಲ. ಎಚ್‌ಇವಿಸಿ ಅಥವಾ ಎಚ್.265 ಎಂದು ಕಂಡರೆ ರೋಗ ಸಿಕ್ಕಿತು.

ಮದ್ದು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ. ಕ್ಲಿಪ್ಪನ್ನು ಎಳೆದು ಅದರ ಕಿಟಕಿಯೊಳಗೆ ಬಿಡಿ. ಪ್ರಿಸೆಟ್ಟಿನಲ್ಲಿ 'ಫಾಸ್ಟ್ 1080ಪಿ30' ಆರಿಸಿ, ಫಾರ್ಮ್ಯಾಟ್ ಎಂಪಿ4 ಇರಲಿ. ವಿಡಿಯೊ ಎಂಬ ಟ್ಯಾಬಿಗೆ ಹೋಗಿ ಎನ್‌ಕೋಡರ್ ಎಚ್.264 ಎಂದೇ ಇದೆಯೇ ನೋಡಿ, ಅಲ್ಲೇ ಕೆಳಗೆ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಎಂಬುದಕ್ಕೆ ಚುಕ್ಕೆ ಇಡಿ. ಈ ಕೊನೆಯದನ್ನು ಜನ ಬಿಡುತ್ತಾರೆ, ನೀವು ಬಿಡಬೇಡಿ. ಮೊಬೈಲು ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ಸೆಕೆಂಡಿಗೆ ಹಿಡಿಯುವ ಚೌಕಟ್ಟುಗಳ ಲೆಕ್ಕ ಬದಲಿಸುತ್ತ ಹೋಗುತ್ತದೆ. ಉದ್ದನೆಯ ಕ್ಲಿಪ್ಪಿನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುವುದು ಇದರಿಂದಲೇ. ಮೇಲೆ ಸ್ಟಾರ್ಟ್ ಒತ್ತಿ ಚಹಾ ಕುಡಿದು ಬನ್ನಿ. ಹೊರಬಂದ ಹೊಸ ಫೈಲನ್ನು ಸ್ಲೈಡಿಗೆ ಹಾಕಿ, ಹಳೆಯದನ್ನು ಸ್ಲೈಡಿನಿಂದ ತೆಗೆಯಿರಿ. ಫೈಲಿನ ಹೆಸರಿನ ಕೊನೆಯನ್ನಷ್ಟೇ ಬದಲಿಸಿ 'ಕನ್ವರ್ಟ್ ಮಾಡಿದೆ' ಎನ್ನುವವರನ್ನು ಕಂಡಿದ್ದೇನೆ. ಅದು ಚೀಲದ ಮೇಲಿನ ಅಚ್ಚು ಬದಲಿಸಿದ ಹಾಗಾಯಿತು, ಒಳಗಿನ ಖಾರ ಹಾಗೇ ಇರುತ್ತದೆ.

ಮುಂದೆ ತೆಗೆಯುವ ವಿಡಿಯೊಗಳಿಗೆ ಈ ಕಷ್ಟವೇ ಬೇಡವೆಂದರೆ ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ 'ಹೈ ಎಫಿಷಿಯೆನ್ಸಿ' ಎಂಬುದನ್ನು ಆಫ್ ಮಾಡಿಬಿಡಿ. ಐಫೋನಿನಲ್ಲಾದರೆ ಕ್ಯಾಮೆರಾ, ಫಾರ್ಮ್ಯಾಟ್ಸ್, 'ಮೋಸ್ಟ್ ಕಂಪ್ಯಾಟಿಬಲ್'. 4ಕೆಯ ಆಸೆಯನ್ನೂ ಬಿಡಿ. ನಮ್ಮ ಕಡೆಯ ಸಭಾಂಗಣಗಳಲ್ಲಿ ನಾನು ಕಂಡ ಪ್ರೊಜೆಕ್ಟರುಗಳಲ್ಲಿ 1024ಕ್ಕೆ 768 ಚುಕ್ಕೆಗಳವು ಇನ್ನೂ ಇವೆ. ಅದರ ಮೇಲೆ 3840ಕ್ಕೆ 2160ರ ವಿಡಿಯೊ ಹಾಕಿದರೆ ಕಾಣುವುದು ಅಷ್ಟೇ, ತಡವರಿಸುವುದು ಮಾತ್ರ ಹೆಚ್ಚು.

ಇಲ್ಲೊಂದು ತಮಾಷೆ ಇದೆ. ವಾಟ್ಸ್ಆ್ಯಪಿನಲ್ಲಿ ಬಂದ ಮಸುಕು ಕ್ಲಿಪ್ಪು ಪವರ್‌ಪಾಯಿಂಟಿನಲ್ಲಿ ಓಡುತ್ತದೆ, ಫೋನಿನಿಂದ ಕೇಬಲ್ ಹಚ್ಚಿ ತೆಗೆದ ಅಸಲು ಫೈಲು ಓಡುವುದಿಲ್ಲ. ಎಷ್ಟೋ ಮಂದಿ ಇದನ್ನು ಕಂಡು ತಲೆ ಕೆರೆದುಕೊಂಡಿದ್ದಾರೆ. ವಾಟ್ಸ್ಆ್ಯಪ್ ಕಳಿಸುವಾಗ ವಿಡಿಯೊವನ್ನು ಹಿಂಡಿ ಎಚ್.264ಕ್ಕೆ ತಿರುಗಿಸಿರುತ್ತದೆ, ಅದಕ್ಕೇ ಓಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಹಿಂಡುವುದಿಲ್ಲ, ಚಿತ್ರ ಚೊಕ್ಕವಾಗಿ ಬರುತ್ತದೆ, ಎಚ್‌ಇವಿಸಿಯೂ ಜೊತೆಗೇ ಬರುತ್ತದೆ. ಅವಸರದಲ್ಲಿ ಬೇರೇನೂ ಕೈಯಲ್ಲಿಲ್ಲದಾಗ ತಮಗೆ ತಾವೇ ವಾಟ್ಸ್ಆ್ಯಪ್ ಮಾಡಿಕೊಂಡು ಆ ಮಸುಕನ್ನೇ ಸ್ಲೈಡಿಗೆ ಹಾಕಿ ಮಾನ ಉಳಿಸಿಕೊಂಡವರೂ ಇದ್ದಾರೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಆದರೆ ಹಕ್ಕಿಯ ತಲೆಯ ಮೇಲಿನ ಎರಡು ಪಟ್ಟೆ ತೋರಿಸಬೇಕಾದ ನಿಮಗೆ ಅದು ಆಗದ ಮಾತು.

ಕೋಡೆಕ್ ಪ್ಯಾಕ್ ಕೇಳಿದ್ದೀರಿ. ಬೇಡ. ಹೊಸ ಪವರ್‌ಪಾಯಿಂಟುಗಳು ಹೆಚ್ಚಾಗಿ ಆ ಪ್ಯಾಕುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲೆಲ್ಲಿಂದಲೋ ಸಿಗುವ ಪ್ಯಾಕುಗಳ ಬೆನ್ನಿಗೆ ಏನೇನು ಬರುತ್ತದೋ. ವೈರಸ್ ಬರುವುದಿದ್ದರೆ ಆ ದಾರಿಯಲ್ಲೇ ಬಂದೀತು. ಅದಕ್ಕಿಂತ ದೊಡ್ಡ ಮಾತು, ನೀವು ಪ್ಯಾಕ್ ಹಾಕಿಸುವುದು ನಿಮ್ಮ ಕಂಪ್ಯೂಟರಿಗೆ, ಅದರಲ್ಲಿ ವಿಡಿಯೊ ಈಗಾಗಲೇ ಓಡುತ್ತಿದೆ. ಓಡದಿರುವುದು ಪರರ ಕಂಪ್ಯೂಟರಿನಲ್ಲಿ. ಹತ್ತು ಊರಿನ ಹತ್ತು ಯಂತ್ರಗಳನ್ನು ನಿಮ್ಮ ಫೈಲಿಗೆ ತಕ್ಕಂತೆ ತಿದ್ದುವ ಬದಲು ಒಂದು ಫೈಲನ್ನು ಹತ್ತಕ್ಕೂ ತಕ್ಕಂತೆ ಮಾಡುವುದು ಸಲೀಸು.

ಕಪ್ಪು ಪರದೆಗೆ ಇನ್ನೊಂದು ಕಾರಣವೂ ಇದೆ, ನಿಮ್ಮದು ಅದಲ್ಲದಿದ್ದರೂ ಹೇಳಿಬಿಡುತ್ತೇನೆ. ಸ್ಲೈಡ್ ತಿದ್ದುವ ಕಿಟಕಿಯಲ್ಲಿ ಕ್ಲಿಪ್ಪು ಚೆನ್ನಾಗಿ ಓಡಿ, ಎಫ್5 ಒತ್ತಿ ಪೂರ್ತಿ ಪರದೆಗೆ ಹೋದಾಗ ಮಾತ್ರ ಕಪ್ಪಾದರೆ, ಇಲ್ಲವೇ ಲ್ಯಾಪ್‌ಟಾಪಿನಲ್ಲಿ ಕಂಡು ಪ್ರೊಜೆಕ್ಟರಿನಲ್ಲಿ ಕಾಣದಿದ್ದರೆ ಅದು ಕೋಡೆಕ್ಕಿನ ಜಗಳವಲ್ಲ, ಗ್ರಾಫಿಕ್ಸಿನದು. ಪವರ್‌ಪಾಯಿಂಟಿನ ಆಪ್ಶನ್ಸ್, ಅಡ್ವಾನ್ಸ್‌ಡ್, ಡಿಸ್‌ಪ್ಲೇ ಎಂಬಲ್ಲಿ ಹಾರ್ಡ್‌ವೇರ್ ಗ್ರಾಫಿಕ್ಸ್ ಆ್ಯಕ್ಸಿಲರೇಶನ್ ನಿಲ್ಲಿಸುವ ಗೆರೆಗೆ ಟಿಕ್ ಹಾಕಿ ನೋಡಿ. ಅದಕ್ಕೂ ಮೊದಲು ವಿಂಡೋಸ್ ಕೀಲಿ ಮತ್ತು ಪಿ ಒತ್ತಿ 'ಡೂಪ್ಲಿಕೇಟ್' ಆರಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಮೂರನೆಯ ಕ್ಲಿಪ್ಪಿನ ಕತೆ ನನಗೆ ಬಹಳ ಇಷ್ಟ. ಅದರಲ್ಲಿ ಯಂತ್ರದ ತಪ್ಪು ಎಳ್ಳಷ್ಟೂ ಇಲ್ಲ. ಕೆಲವು ವರ್ಷದ ಹಿಂದೆ ಧಾರವಾಡದ ಸಭಾಂಗಣವೊಂದರಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರ ಉಪನ್ಯಾಸ. ಹೊಸ ರಿಮೋಟ್ ತಂದಿದ್ದರು, ಮೊಮ್ಮಗ ಕೊಡಿಸಿದ್ದಂತೆ. ವಿಡಿಯೊ ಇದ್ದ ಸ್ಲೈಡು ಬಂತು. "ಈಗ ನೋಡ್ರಿ" ಎಂದು ಗುಂಡಿ ಒತ್ತಿದರು, ಮುಂದಿನ ಸ್ಲೈಡು. ಹಿಂದೆ ಬಂದರು, "ಈಗ ನೋಡ್ರಿ", ಮತ್ತೆ ಮುಂದಿನ ಸ್ಲೈಡು. ಮೂರನೆಯ ಸಲಕ್ಕೆ ಸಭೆಯೇ ಒಕ್ಕೊರಲಿನಿಂದ "ಈಗ ನೋಡ್ರಿ" ಅಂದಿತು. ನಾನು ಹಿಂದಿನಿಂದ ಎದ್ದು ಹೋಗಿ ಮೌಸ್ ಬಾಣವನ್ನು ವಿಡಿಯೊದ ಮೇಲಿಟ್ಟು ಒತ್ತಿದೆ, ಓಡಿತು. ಅವರು ನನ್ನನ್ನು ನೋಡಿದ ನೋಟ, ನಾನೇ ಏನೋ ಮಾಟ ಮಾಡಿದ್ದೇನೆ ಎಂಬಂತಿತ್ತು.

ಮಾಟವೇನಿಲ್ಲ. ರಿಮೋಟು ಕಂಪ್ಯೂಟರಿಗೆ ಕಳಿಸುವುದು ಮೌಸಿನ ಕ್ಲಿಕ್ಕನ್ನಲ್ಲ, ಕೀಬೋರ್ಡಿನ 'ಪೇಜ್ ಡೌನ್' ಕೀಲಿಯನ್ನು. 'ಮುಂದೆ ಹೋಗು' ಎಂಬುದಷ್ಟೇ ಅದರ ಅರ್ಥ. ವಿಡಿಯೊ ಮಾತ್ರ 'ನನ್ನ ಮೈಮೇಲೆ ಕ್ಲಿಕ್ ಮಾಡಿದರೆ ಮಾತ್ರ ಏಳುತ್ತೇನೆ' ಎಂದು ಕೂತಿರುತ್ತದೆ. ಸ್ಟಾಫ್‌ರೂಮಿನಲ್ಲಿ ನೀವು ಮೌಸಿನಿಂದ ಪರೀಕ್ಷೆ ಮಾಡಿದ್ದೀರಿ, ಸಭೆಯಲ್ಲಿ ರಿಮೋಟಿನಿಂದ ಒತ್ತಿದ್ದೀರಿ. ವಿಡಿಯೊ ಆರಿಸಿಕೊಂಡು ಪ್ಲೇಬ್ಯಾಕ್ ಟ್ಯಾಬಿಗೆ ಹೋಗಿ. 'ಸ್ಟಾರ್ಟ್' ಎಂಬ ಪಟ್ಟಿಯಲ್ಲಿ 'ವೆನ್ ಕ್ಲಿಕ್ಡ್ ಆನ್' ಇದ್ದರೆ ಬದಲಿಸಿ 'ಇನ್ ಕ್ಲಿಕ್ ಸೀಕ್ವೆನ್ಸ್' ಮಾಡಿ. ಆಗ ರಿಮೋಟಿನ ಒಂದು ಒತ್ತಿಗೆ ವಿಡಿಯೊ ಶುರು. ನಿಮ್ಮ ಆವೃತ್ತಿ ಹಳೆಯದಾಗಿ ಆ ಸಾಲೇ ಕಾಣದಿದ್ದರೆ 'ಆಟೊಮ್ಯಾಟಿಕಲಿ' ಇಡಿ, ಸ್ಲೈಡು ಬಂದ ಕೂಡಲೇ ಓಡುತ್ತದೆ. ವೇದಿಕೆಯ ಮೇಲೆ ಸಿಕ್ಕಿಬಿದ್ದಾಗ ಆಲ್ಟ್ ಹಿಡಿದು ಪಿ ಒತ್ತಿದರೂ ನಡೆಯುತ್ತದೆ. ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ.

ನಾಲ್ಕನೆಯದು, ಧ್ವನಿಯಿಲ್ಲದ್ದು. ಎಚ್‌ಡಿಎಂಐ ಕೇಬಲ್ ಚುಚ್ಚಿದೊಡನೆ ವಿಂಡೋಸ್ ಧ್ವನಿಯನ್ನೂ ಪ್ರೊಜೆಕ್ಟರಿನತ್ತ ತಿರುಗಿಸಿಬಿಡುವುದುಂಟು. ಪ್ರೊಜೆಕ್ಟರಿಗೆ ಸ್ಪೀಕರು ಇರುವುದಿಲ್ಲ, ಇದ್ದರೂ ನೊಣದ ಸದ್ದು. ಕೆಳಗಿನ ಪಟ್ಟಿಯ ಸ್ಪೀಕರ್ ಚಿತ್ರ ಒತ್ತಿ ಧ್ವನಿ ಎಲ್ಲಿಗೆ ಹೋಗಬೇಕೆಂದು ಆರಿಸಿ. ಹಳೆಯ ನೀಲಿ ಮೂತಿಯ ವಿಜಿಎ ಕೇಬಲ್ ಆಗಿದ್ದರೆ ಅದು ಚಿತ್ರವನ್ನಷ್ಟೇ ಹೊರುತ್ತದೆ, ಧ್ವನಿಗೆ ಬೇರೆ ತಂತಿ ಬೇಕು: ಇಯರ್‌ಫೋನ್ ತೂತಿನಿಂದ ಸಭಾಂಗಣದ ಆ್ಯಂಪ್ಲಿಫೈಯರಿಗೆ. ಆ ತಂತಿ ಹಚ್ಚಿದೊಡನೆ 'ಗುಂಯ್' ಎಂಬ ಸದ್ದು ಶುರುವಾದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಅರ್ಥಿಂಗಿನ ಸುತ್ತು ಕಡಿದು ಗುಂಯ್‌ಗುಟ್ಟುವುದು ಹೆಚ್ಚಿನ ಸಲ ಅಲ್ಲೇ ನಿಲ್ಲುತ್ತದೆ. ಬ್ಯಾಟರಿ ತುಂಬಿಸಿಕೊಂಡು ಹೋಗಿರಿ, ಅಷ್ಟೇ.

ಇದೇ ಬಗೆಯ ಪ್ರಶ್ನೆಗಳನ್ನು ಬೇರೆಯವರೂ ಕೇಳುತ್ತಿರುತ್ತಾರೆ, ಅವನ್ನೂ ಇಲ್ಲೇ ಮುಗಿಸುತ್ತೇನೆ. ಪೆನ್‌ಡ್ರೈವಿನಿಂದಲೇ ನೇರ ಓಡಿಸಬೇಡಿ, ಡೆಸ್ಕ್‌ಟಾಪಿಗೆ ಇಳಿಸಿಕೊಂಡು ಓಡಿಸಿ. ಕ್ಲಿಪ್ಪು ತಡವರಿಸುವ ದೂರುಗಳಲ್ಲಿ ಬಹಳಷ್ಟು ಅಲ್ಲಿಗೆ ಮುಗಿಯುತ್ತವೆ. ಸಭಾಂಗಣದ ಯಂತ್ರದ ಸಿ ಡ್ರೈವು ತುಂಬಿ ಕೆಂಪಾಗಿದೆಯೇ ನೋಡಿ. ಸ್ಲೈಡಿನೊಳಗಿನ ವಿಡಿಯೊವನ್ನು ಪವರ್‌ಪಾಯಿಂಟ್ ಮೊದಲು ಟೆಂಪ್ ಫೋಲ್ಡರಿಗೆ ಹೊರತೆಗೆದೇ ಓಡಿಸುವುದು, ಅಲ್ಲಿ ಜಾಗವಿಲ್ಲದಿದ್ದರೆ ಪಾಪ ಅದೇನು ಮಾಡೀತು. ಆಫೀಸ್ 2010 ಇರುವ ಯಂತ್ರಗಳು ಇನ್ನೂ ಕೆಲವು ಕಡೆ ಉಸಿರಾಡುತ್ತಿವೆ. ಮೈಕ್ರೋಸಾಫ್ಟ್ 2020ರ ಅಕ್ಟೋಬರಿನಲ್ಲೇ ಅದರ ಕೈಬಿಟ್ಟಿದೆ. ಅದಕ್ಕೆ ಎಂಪಿ4 ಓಡಿಸಲು ಕ್ವಿಕ್‌ಟೈಮ್ ಬೇಕಿತ್ತು. ವಿಂಡೋಸಿನ ಕ್ವಿಕ್‌ಟೈಮನ್ನು ಆ್ಯಪಲ್ 2016ರಲ್ಲಿ ನಿಲ್ಲಿಸಿತು, ಸುರಕ್ಷತೆಯ ತೂತುಗಳು ಹಾಗೇ ಉಳಿದವು, ಈಗ ಅದನ್ನು ಹುಡುಕಿ ಹಾಕುವುದು ಅವಿವೇಕ. ಅಂಥ ಕಡೆ ಹೋಗುವುದಿದ್ದರೆ ಡಬ್ಲ್ಯುಎಂವಿ ರೂಪದ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಿ. ಶಾಲೆಯ ಲ್ಯಾಬಿನಲ್ಲಿ ಉಬುಂಟು ಮತ್ತು ಲಿಬ್ರೆಆಫೀಸ್ ಇದ್ದರೆ ವಿಡಿಯೊ ಬಿಚ್ಚುವುದು ಜಿಸ್ಟ್ರೀಮರ್ ಎಂಬುದು. 'ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್' ಎಂಬ ಪ್ಯಾಕೇಜು ಹಾಕಿಸಿದರೆ ಎಚ್.264 ಅಲ್ಲೂ ಓಡುತ್ತದೆ. ಜೀಮೇಲ್ 25 ಎಂಬಿಗಿಂತ ದೊಡ್ಡದನ್ನು ಹೊರುವುದಿಲ್ಲ, ಡ್ರೈವಿಗೆ ಹಾಕಿ ಲಿಂಕ್ ಕಳಿಸುತ್ತದೆ. ಆ ಲಿಂಕನ್ನು ಬ್ರೌಸರಿನಲ್ಲೇ ತೆರೆದು 'ವಿಡಿಯೊ ಓಡುತ್ತಿಲ್ಲ' ಎನ್ನಬೇಡಿ, ಡೌನ್‌ಲೋಡ್ ಮಾಡಿಕೊಳ್ಳಿ.

ಹಾವೇರಿ ಕಡೆಯ ಸಂಶೋಧಕರೊಬ್ಬರು ತಮ್ಮೂರಿನ ದೊಡ್ಡಾಟದ ಹಳೆಯ ವಿಸಿಡಿ ಹಿಡಿದುಕೊಂಡು ಬಂದಿದ್ದರು. ಅದರಲ್ಲಿ ಕುಣಿದಿದ್ದ ಕಲಾವಿದರಲ್ಲಿ ಇಬ್ಬರು ಈಗ ಇಲ್ಲ, ಬೇರೆ ದಾಖಲೆಯೂ ಇಲ್ಲ ಎಂದರು. ತಟ್ಟೆಯನ್ನು ಕಂಪ್ಯೂಟರಿಗೆ ಹಾಕಿದರೆ ಎಂಪೆಗ್‌ಎವಿ ಎಂಬ ಫೋಲ್ಡರು, ಅದರೊಳಗೊಂದು ಡಿಎಟಿ ಫೈಲು. ಪವರ್‌ಪಾಯಿಂಟಿಗೆ ಅದರ ಗುರುತೇ ಹತ್ತುವುದಿಲ್ಲ. ಒಳಗಿರುವುದು ಎಂಪೆಗ್-1, ಹಳೆಯದಾದರೂ ಸೀದಾ ಸರಕು. ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಹ್ಯಾಂಡ್‌ಬ್ರೇಕಿಗೆ ಕೊಟ್ಟು ಎಚ್.264 ಮಾಡಿಕೊಟ್ಟೆ. ತಟ್ಟೆಯಲ್ಲಿ ಗೀರು ಬಿದ್ದ ಕಡೆ ಡ್ರೈವು ಮುಲುಗುತ್ತ ನಿಂತುಬಿಡುತ್ತಿತ್ತು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಬೇರೆ ಡ್ರೈವಿಗೆ ಹಾಕಿದ ಮೇಲೆ ಪೂರ್ತಿ ಇಳಿಯಿತು. ಚಿತ್ರದ ಅಳತೆ 352ಕ್ಕೆ 288 ಚುಕ್ಕೆ ಮಾತ್ರ. ಅವರಿಗೆ ಅದನ್ನು ಪರದೆ ತುಂಬ ಹಿಗ್ಗಿಸುವ ಆಸೆ. ಬೇಡವೆಂದೆ. ಸ್ಲೈಡಿನ ಒಂದು ಬದಿಗೆ ಅಂಗೈಯಗಲ ಇಟ್ಟು, ಪಕ್ಕದಲ್ಲಿ ಹಾಡಿನ ಸಾಲುಗಳನ್ನು ಬರೆದೆವು. ಚೆನ್ನಾಗಿ ಕಂಡಿತು.

ಉಳಿದದ್ದು ನಿಮ್ಮ ಎರಡನೆಯ ಕ್ಲಿಪ್. ಬೇಕೆಂದೇ ಕೊನೆಗಿಟ್ಟುಕೊಂಡೆ, ಏಕೆಂದರೆ ಇದಕ್ಕೆ ಗಡುವಿದೆ.

ಪವರ್‌ಪಾಯಿಂಟ್ 2007 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳು ವಿಡಿಯೊವನ್ನು ತಮ್ಮ ಫೈಲಿನೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ವಿಡಿಯೊ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತಿದ್ದವು: ಡಿ ಡ್ರೈವು, ಇಂಥ ಫೋಲ್ಡರು, ಇಂಥ ಹೆಸರು. ಸ್ಲೈಡಿನ ಮೇಲೆ ಕಾಣುವುದು ಅದರ ಮೊದಲ ಚಿತ್ರ ಮಾತ್ರ. 2010ರ ಆವೃತ್ತಿಯಿಂದ ವಿಡಿಯೊ ಒಳಗೇ ಸೇರುವುದು ರೂಢಿಯಾಯಿತು, ಆದರೆ ಹಳೆಯ ಪಿಪಿಟಿಯಿಂದ ಸ್ಲೈಡು ನಕಲು ಮಾಡಿದರೆ ಹಳೆಯ ವಿಳಾಸವೇ ನಕಲಾಗುತ್ತದೆ. ಕನ್ನಡದವರಿಗೆ ಇದು ಹೊಸ ಅನುಭವವೇನಲ್ಲ. 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಪತ್ರವನ್ನು ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಸಾಲುಸಾಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಂಡಿರುತ್ತೀರಿ. ಅಕ್ಷರದ ರೂಪ ಪತ್ರದೊಳಗೆ ಇರುವುದಿಲ್ಲ, ಕಂಪ್ಯೂಟರಿನಲ್ಲಿರುತ್ತದೆ. ಪತ್ರ ಊರು ಬಿಟ್ಟಿತು, ರೂಪ ಊರಲ್ಲೇ ಉಳಿಯಿತು. ನಿಮ್ಮ ವಿಡಿಯೊ ಕೂಡ ಊರಲ್ಲೇ ಉಳಿದಿದೆ.

ಕಣ್ಣಾರೆ ನೋಡಬೇಕೆಂದರೆ ಒಂದು ದಾರಿಯಿದೆ. ನಿಮ್ಮ ಪಿಪಿಟಿಯ ನಕಲೊಂದನ್ನು ಮಾಡಿ, ಅಸಲನ್ನು ಮುಟ್ಟಬೇಡಿ. ಫೋಲ್ಡರಿನ 'ವ್ಯೂ' ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್'ಗೆ ಟಿಕ್ ಹಾಕಿದರೆ ಹೆಸರಿನ ಕೊನೆಗೆ ಪಿಪಿಟಿಎಕ್ಸ್ ಎಂದು ಕಾಣುತ್ತದೆ. ಅದನ್ನು ಅಳಿಸಿ ಜಿಪ್ ಎಂದು ಬರೆಯಿರಿ. ಈ ಫೈಲು ನಿಜಕ್ಕೂ ಜಿಪ್ ಗಂಟೇ, ಹೆಸರು ಮಾತ್ರ ಬೇರೆ. ತೆರೆದರೆ ಒಳಗೆ ಪಿಪಿಟಿ ಎಂಬ ಫೋಲ್ಡರು, ಅದರೊಳಗೆ ಮೀಡಿಯಾ ಎಂಬುದು. ನಿಮ್ಮ ಚಿತ್ರಗಳು, ವಿಡಿಯೊಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಎಣಿಸಿ. ನಾಲ್ಕು ವಿಡಿಯೊ ಇರಬೇಕಾದಲ್ಲಿ ಮೂರೇ ಇರುತ್ತವೆ. ಕಂಪ್ಯೂಟರ್ ಗೊತ್ತಿಲ್ಲ ಎನ್ನುವವರಿಗೂ ನಾನು ಇದನ್ನು ಮಾಡಿಸಿ ತೋರಿಸುತ್ತೇನೆ. ಒಮ್ಮೆ ಆ ಫೋಲ್ಡರು ನೋಡಿದವರು ಮತ್ತೆ ವೈರಸ್ಸಿನ ಮಾತು ಆಡುವುದಿಲ್ಲ.

ಸ್ಟಾಫ್‌ರೂಮಿನಲ್ಲಿ ಅದು ಓಡಿತಲ್ಲ, ಅಂದರೆ ಅಸಲು ವಿಡಿಯೊ ಆ ಕಂಪ್ಯೂಟರಿನಲ್ಲಿ ಆ ವಿಳಾಸದಲ್ಲಿ ಇನ್ನೂ ಇದೆ. ಅಲ್ಲಿ ಪಿಪಿಟಿ ತೆರೆದು ಫೈಲ್, ಇನ್ಫೋಗೆ ಹೋಗಿ. ಬಲಗಡೆ ಕೆಳಗೆ 'ಎಡಿಟ್ ಲಿಂಕ್ಸ್ ಟು ಫೈಲ್ಸ್' ಎಂದು ಕಾಣುತ್ತದೆ. ಲಿಂಕ್ ಇದ್ದರೆ ಮಾತ್ರ ಕಾಣುವ ಸಾಲು ಅದು. ಒತ್ತಿದರೆ ವಿಡಿಯೊದ ಪೂರ್ತಿ ವಿಳಾಸ ಸಿಗುತ್ತದೆ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲೇ 'ಬ್ರೇಕ್ ಲಿಂಕ್' ಎಂಬ ಗುಂಡಿಯಿದೆ. ಹೆಸರು ಕೇಳಿ ಜನ ಹೆದರುತ್ತಾರೆ, ಮುರಿದರೆ ಇದ್ದದ್ದೂ ಹೋದೀತೆಂದು. ಅದು ಮಾಡುವುದು ತದ್ವಿರುದ್ಧ, ವಿಳಾಸವನ್ನು ಬಿಟ್ಟು ವಿಡಿಯೊವನ್ನೇ ಒಳಗೆ ತಂದುಕೊಳ್ಳುತ್ತದೆ. ಯಾರು ಆ ಹೆಸರಿಟ್ಟರೋ! ನನಗೆ ಅದಕ್ಕಿಂತ ಹಿತವಾದದ್ದು ಸೀದಾ ದಾರಿ: ಆ ವಿಳಾಸಕ್ಕೆ ಹೋಗಿ ವಿಡಿಯೊ ಹುಡುಕಿ, ಹ್ಯಾಂಡ್‌ಬ್ರೇಕಿನಿಂದ ಎಚ್.264 ಮಾಡಿ, ಸ್ಲೈಡಿನ ಹಳೆಯದನ್ನು ಅಳಿಸಿ ಹೊಸದಾಗಿ ಹಾಕುವುದು. ಹಾಕುವಾಗ 'ಇನ್ಸರ್ಟ್' ಗುಂಡಿಯ ಪಕ್ಕದ ಸಣ್ಣ ಬಾಣದೊಳಗಿರುವ 'ಲಿಂಕ್ ಟು ಫೈಲ್' ಕಡೆ ಕೈ ಹೋಗದಿರಲಿ. ಸಭೆಗೆ ಹೊರಡುವ ಮುನ್ನ ಪಿಪಿಟಿಯನ್ನು ನಿಮ್ಮದಲ್ಲದ ಯಾವುದಾದರೂ ಕಂಪ್ಯೂಟರಿನಲ್ಲಿ, ರಿಮೋಟಿನಿಂದಲೇ, ಒಮ್ಮೆ ಪೂರ್ತಿ ಓಡಿಸಿ. ನಾಲ್ಕೂ ಕ್ಲಿಪ್ಪುಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಹೆಸರಿಟ್ಟು ಪೆನ್‌ಡ್ರೈವಿನಲ್ಲಿ ಬಿಡಿಯಾಗಿಯೂ ಇಟ್ಟುಕೊಂಡಿರಿ.

ಹೊಸ ಕಂಪ್ಯೂಟರ್ ಬಂದರೆ ಕಾಟ ತಪ್ಪುತ್ತದೆಯೇ ಎಂದು ಕೇಳಿದ್ದಿರಲ್ಲ. ಈ ಕ್ಲಿಪ್ಪಿನ ಮಟ್ಟಿಗೆ ಹೆಚ್ಚುತ್ತದೆ. ಆ ವಿಡಿಯೊ ನಿಮ್ಮ ಪಿಪಿಟಿಯಲ್ಲಿಲ್ಲ, ಪೆನ್‌ಡ್ರೈವಿನಲ್ಲಿಲ್ಲ, ಸಹೋದ್ಯೋಗಿಯ ಪಿಪಿಟಿಯಲ್ಲೂ ಇಲ್ಲ. ನನಗೆ ತಿಳಿದ ಮಟ್ಟಿಗೆ ಇರುವುದು ಕೊಟ್ಟುಬಿಡಲು ಹೊರಟಿರುವ ಆ ಹಳೆಯ ಯಂತ್ರದ ಡಿ ಡ್ರೈವಿನಲ್ಲಿ. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಎಂಬ ಅಂತರರಾಷ್ಟ್ರೀಯ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಅದಕ್ಕೂ ಎಷ್ಟೋ ವರ್ಷ ಹಿಂದೆ ಕೆರೆ ಹೇಗಿತ್ತು, ಹಕ್ಕಿ ಎಲ್ಲಿ ಇಳಿಯುತ್ತಿದ್ದವು ಎಂದು ಯಾರೋ ಕೈ ನಡುಗಿಸುತ್ತ ತೆಗೆದ ತುಣುಕು ಅದಾಗಿದ್ದೀತು. ನಾಳೆ ಮೊದಲ ಪೀರಿಯಡ್ಡಿಗೆ ಮುಂಚೆಯೇ ಹೋಗಿ ನಕಲು ಮಾಡಿಕೊಳ್ಳಿ. ಆ ಫೋಲ್ಡರಿನಲ್ಲಿ ಬೇರೆ ಏನಿದೆ ಎಂದೂ ಒಮ್ಮೆ ನೋಡಿ, ಸಾಮಾನ್ಯವಾಗಿ ಒಂದೇ ಇರುವುದಿಲ್ಲ.